ಬೊಗಸೆಕೆರೆ

ಸೋಗೆಪೇಟೆಯ ತೆಂಕಣ ಬದಿಯ ಬೊಗಸೆಕೆರೆಯಲ್ಲಿ ಈಗ ಜೊಂಡು ತುಂಬಿದೆ. ಎರಡು ದಿಬ್ಬಗಳ ನಡುವೆ ಅಂಗೈ ಜೋಡಿಸಿದಂತೆ ಕಾಣುವುದರಿಂದ ಈ ಹೆಸರು ಬಂತೆಂದು ಹೊಸಬರು ತಿಳಿಯುತ್ತಾರೆ. ಊರಿನ ಹಿರಿಯರು ಅದನ್ನೊಪ್ಪುವುದಿಲ್ಲ. ಹಿಂದೆ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಇದು ಬರಿಯ ಪೇಟೆಕೆರೆಯಾಗಿತ್ತು. ಮೇಲುದಂಡೆಯಲ್ಲಿ ತಾಂಡವ ಮೊದಲಿಯಾರರ ಚರ್ಮದ ಕಾರ್ಖಾನೆಯಿತ್ತು. ದಂಡಿನ ಕುದುರೆಗಳಿಗೆ ಜೀನು, ಸಿಪಾಯಿಗಳಿಗೆ ಬೂಟು ಅಲ್ಲಿಂದಲೇ ಹೋಗುತ್ತಿದ್ದವು. ತಬ್ಬಲಿಯಾದ ಮೊದಲಿಯಾರರನ್ನು ಸಾಕಿದವರು ಅಕ್ಕ ತಾಯಾರಮ್ಮ. ತಮ್ಮನು ಮುನಿಸಿಪಾಲಿಟಿಯ ಅಧ್ಯಕ್ಷನಾದ ದಿನ ಆಕೆ ಬೀದಿಗೆಲ್ಲ ಸಕ್ಕರೆ ಹಂಚಿದರಂತೆ.

ಒಂದು ಬೇಸಿಗೆಯಲ್ಲಿ ಕೆಳದಂಡೆಯ ಕೇರಿಯ ದುರುಗವ್ವ ಸಭೆಯ ಅಂಗಳದಲ್ಲಿ ನಿಂತು, “ಬುದ್ಧೀ, ತೊಗಲಿನ ಗುಂಡಿ ನೀರು ಕೆರೆಗೆ ಬೀಳ್ತದೆ. ಕುಡಿದ ಕೂಸುಗಳು ವಾಂತಿ ಮಾಡ್ತವೆ. ಕಾರ್ಖಾನೆ ಬೇರೆ ಕಡೆ ಸಾಗಿಸಿ,” ಎಂದಳು. ಮುನ್ನೂರು ಜನರ ಅನ್ನ ಹೋಗುತ್ತದೆಂಬ ಭಯವೋ, ತುಂಬಿದ ಸಭೆಯಲ್ಲಿ ತಲೆ ತಗ್ಗಿಸಲಾರದ ಹಮ್ಮೋ, ಮೊದಲಿಯಾರರು ಎದ್ದು ನೇರ ಕೆರೆಗೆ ನಡೆದರು. ಊರೆಲ್ಲ ನೋಡುತ್ತಿರಲು ಬೊಗಸೆ ತುಂಬ ನೀರೆತ್ತಿ ಕುಡಿದು, “ಇನ್ನು ನಮ್ಮ ಮನೆಗೂ ಇದೇ ನೀರು,” ಎಂದರು. ಅವರಿಗೇನೂ ಆಗಲಿಲ್ಲ. ಜನ ನಂಬಿದರು. ಮನೆಗೆ ಬಂದ ಮೇಲೆ ಮಾತ್ರ ಮೊದಲಿಯಾರರು, ಹಿತ್ತಿಲ ಬಾವಿಯಿಂದಲೇ ನೀರು ತುಂಬಬೇಕೆಂದು ಆಳಿಗೆ ಮೆಲ್ಲಗೆ ಹೇಳಿದರು.

ಹದಿನೈದು ದಿನದೊಳಗೆ ವಾಂತಿಭೇದಿ ಹಬ್ಬಿತು. ಮೊದಲು ಹೋದದ್ದು ದುರುಗವ್ವನ ಮೊಮ್ಮಗಳು ಸಣ್ಣೀರಿ. ಆಮೇಲೆ ತಾಯಾರಮ್ಮ ಮಲಗಿದರು. “ಬಾವಿ ನೀರು ತುಂಬಲು ಹೇಳಿದ್ದೆನಲ್ಲಕ್ಕಾ!” ಎಂದು ಮೊದಲಿಯಾರರು ಗೋಳಾಡಿದಾಗ ಆಕೆ, “ಊರೆದುರು ಆಡಿದ ನಿನ್ನ ಮಾತು ಸುಳ್ಳಾಗಬಾರದು ಅಂತ ನನ್ನ ಪಾಲಿಗೆ ನಾನೇ ಕೆರೆ ನೀರು ತರಿಸಿದೆ ಕಣೋ,” ಎಂದರಂತೆ. ಸಂಜೆಯೊಳಗೆ ಉಸಿರು ನಿಂತಿತು.

ಮುಂದಿನ ಸಭೆಯಲ್ಲಿ ಮೊದಲಿಯಾರರು ತಮ್ಮ ಕಾರ್ಖಾನೆಯನ್ನು ಮುಚ್ಚುವ ಠರಾವನ್ನು ತಾವೇ ಮಂಡಿಸಿ ಅಧ್ಯಕ್ಷಗಿರಿ ಬಿಟ್ಟರು. ದುರುಗವ್ವನ ಗುಡಿಸಲಿಗೂ ಹೋದರು. “ಈಗ್ಯಾಕೆ ಬಂದ್ರಿ ಬುದ್ಧೀ?” ಎಂದಷ್ಟೇ ಕೇಳಿ ಆಕೆ ಬಾಗಿಲು ಎಳೆದುಕೊಂಡಳು. ಅನ್ನ ಕಳೆದುಕೊಂಡ ಕೆಲಸಗಾರರು ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಜನ ಹಂಗಿಸಿ ಬೊಗಸೆಕೆರೆ ಎನ್ನತೊಡಗಿದಾಗ, ಅದೇ ಹೆಸರನ್ನು ಮೊದಲಿಯಾರರು ಕಚೇರಿಗೆ ಹೋಗಿ ದಾಖಲೆ ಮಾಡಿಸಿದರು. ಉಳಿದ ಆಯುಷ್ಯವನ್ನೆಲ್ಲ ದಂಡೆಯಲ್ಲೇ ಕಳೆದು, ಕುಡಿಯಲು ಬಗ್ಗಿದ ದಾರಿಹೋಕರನ್ನು ಕೈಮುಗಿದು ತಡೆಯುತ್ತಿದ್ದರು ಎನ್ನುತ್ತಾರೆ.

ಏರಿಯ ಮೇಲೆ ಅವರು ನೆಡಿಸಿದ ಎರಡು ಕಲ್ಲುಗಳನ್ನು ಇಂದಿಗೂ ನೋಡಬಹುದು. ಎರಡೂ ಒಂದೇ ಎತ್ತರ. ಒಂದರ ಮೇಲೆ ತಾಯಾರಮ್ಮ ಎಂದಿದೆ, ಇನ್ನೊಂದರ ಮೇಲೆ ಸಣ್ಣೀರಿ. ಮೊದಲಿಯಾರರ ಹೆಸರಿನ ಕಲ್ಲು ಅಲ್ಲಿಲ್ಲ.