ಒಂದು ಕತ್ತೆ ಹೊರುವಷ್ಟು ಉಪ್ಪು

ಗೃಹಸ್ಥ ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಎರಡನೆಯ ಅಂಗಡಿ ತೆರೆಯಬೇಕೆಂದಿದ್ದೇನೆ. ಮನುಷ್ಯನಿಗೆ ಎಷ್ಟಿದ್ದರೆ ಸಾಕು?"

ಗುರುಗಳು ನಕ್ಕು, ಅವನನ್ನು ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಅವನಿಗೆ ಇದ್ದದ್ದು ಒಂದೇ ಕತ್ತೆ. ಅದರ ಮೇಲೆ ಉಪ್ಪು ಹೇರಿಕೊಂಡು ಗಂಡ ಹೆಂಡತಿ ಇಬ್ಬರೂ ಊರೂರು ನಡೆಯುತ್ತಿದ್ದರು. ದಾರಿಯುದ್ದಕ್ಕೂ ಮಾತು, ನಗು. ಹಸಿವಾದರೆ ಮರದ ನೆರಳಲ್ಲಿ ಒಂದೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದರು. ಹೊಟ್ಟೆ ಬಟ್ಟೆಗೆ ಕೊರತೆ ಇರಲಿಲ್ಲ.

ನಡೆದು ನಡೆದು ಹೆಂಡತಿಯ ಕಾಲು ಒಡೆದದ್ದನ್ನು ಕಂಡು ಅವನ ಕರುಳು ಚುರುಕ್ಕೆಂದಿತು. ಇವಳು ಮನೆಯಲ್ಲಿ ಸುಖವಾಗಿರಲಿ ಎಂದು ಇನ್ನೊಂದು ಕತ್ತೆ ಕೊಂಡು ಒಬ್ಬನೇ ಹೊರಟ. ಎರಡು ನಾಲ್ಕಾಯಿತು, ನಾಲ್ಕು ಹನ್ನೆರಡಾಯಿತು. ಹನ್ನೆರಡು ಕತ್ತೆಗಳ ಉಪ್ಪು ಅಕ್ಕಪಕ್ಕದ ಊರುಗಳಲ್ಲೇ ಖರ್ಚಾಗುತ್ತದೆಯೇ? ದೂರ ಹೋಗಲೇಬೇಕು. ಮನೆಗೆ ಬರುವುದು ಹಬ್ಬಕ್ಕೊಮ್ಮೆ ಎಂಬಂತಾಯಿತು. ಬಂದಾಗಲೂ ಕತ್ತೆಗಳ ಆರೈಕೆಗೇ ಹೊತ್ತು ಸಾಲದು. ಕೆಟ್ಟವನಲ್ಲ, ಪಾಪ. ಎಲ್ಲವೂ ಅವಳಿಗಾಗಿಯೇ ಎಂದು ನಂಬಿದ್ದ.

ಒಮ್ಮೆ ಬಂದಾಗ ಹೆಂಡತಿ ಹಾಸಿಗೆ ಹಿಡಿದಿದ್ದಳು. ಅವನು ಕರೆತಂದ ವೈದ್ಯ ನಾಡಿ ನೋಡಿ ಅವನನ್ನು ಕೇಳಿದ: "ಈ ಕೆಮ್ಮು ಯಾವಾಗಿನಿಂದ? ಊಟ ಸೇರುತ್ತದೆಯೇ?"

ಯಾವ ಕತ್ತೆಯ ಗೊರಸು ಬಿರಿದಿದೆ, ಯಾವುದು ಎರಡು ದಿನದಿಂದ ಮೇವು ಬಿಟ್ಟಿದೆ, ಅದೆಲ್ಲ ವ್ಯಾಪಾರಿಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಪಕ್ಕದ ಮನೆಯ ಮುದುಕಿ ಬಾಗಿಲಲ್ಲೇ ನಿಂತು ಹೇಳಿದಳು: "ದೀಪಾವಳಿಯಿಂದ ಕೆಮ್ತಾ ಇದಾಳಪ್ಪ. ಒಬ್ಬಳಿಗೋಸ್ಕರ ಒಲೆ ಯಾಕೆ ಹಚ್ಚಲಿ ಅಂತ ಎಷ್ಟೋ ದಿನ ಉಪವಾಸಾನೇ ಇರ್ತಾಳೆ."

ಅವನು ಹೆಂಡತಿಯ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಒಂದು ಕತ್ತೆ ಉಳಿಸಿಕೊಂಡು ಹನ್ನೊಂದನ್ನು ಮಾರಿದ. ಮೂರು ತಿಂಗಳು ತಾನೇ ಗಂಜಿ ಕಾಯಿಸಿ ಕುಡಿಸಿದ. ಅವಳು ಎದ್ದು ಓಡಾಡುವಂತಾದ ಮೇಲೆ ಇಬ್ಬರೂ ಒಟ್ಟಿಗೆ ಉಪ್ಪು ಮಾರಲು ಹೊರಟರು. ಅವಳಿಗೆ ಎಲ್ಲಿ ದಣಿವಾಯಿತೋ ಅಲ್ಲಿಗೇ ಅಂದಿನ ವ್ಯಾಪಾರ ಮುಗಿಯುತ್ತಿತ್ತು.

ಗುರುಗಳು ಕತೆ ಮುಗಿಸಿದರು. ಶಿಷ್ಯ ಕೇಳಿದ: "ಅವನಿಗೇನೋ ಒಂದು ಕತ್ತೆ ಸಾಕಾಯಿತು. ನನಗೆ ಎಷ್ಟು ಸಾಕು ಎಂದು ತಾವು ಹೇಳಲೇ ಇಲ್ಲವಲ್ಲ?"

ಗುರುಗಳು ಅವನ ಹೆಗಲ ಮೇಲೆ ಕೈಯಿಟ್ಟರು.

"ನನ್ನನ್ನು ಕೇಳಲು ಇಷ್ಟು ದೂರ ಬಂದೆಯಲ್ಲಪ್ಪ, ಮನೆಯಲ್ಲಿ ನಿನ್ನ ದಾರಿ ಕಾಯುವವಳನ್ನು ಒಮ್ಮೆಯಾದರೂ ಕೇಳಿದ್ದೀಯಾ?"