ಏಳನೆಯ ಮೆಟ್ಟಿಲು

ಏಳುನಾಡಿನ ಅರಸ ಸೋಮಭೂಪ ಸಂತೆಯ ದಿನ ಡಂಗುರ ಸಾರಿಸಿದ. “ನಮ್ಮ ಯುವರಾಜ ಬರೆಯುತ್ತಿದ್ದ ಏಳನೆಯ ಪುಸ್ತಕ ಅರ್ಧಕ್ಕೆ ನಿಂತಿದೆ. ಅರಸುಮಗಳು ನೀಲಾಂಬೆಯ ಮೂರು ಒಗಟು ಬಿಡಿಸಿದವನಿಗೆ ಯುವರಾಜನ ಲೇಖನಿಯೂ ಅರಸುಮಗಳ ಕೈಯೂ ಸಿಗುತ್ತವೆ. ತಪ್ಪಿದವನಿಗೆ ಅಮಾವಾಸ್ಯೆಯಂದು ಮರಣದಂಡನೆ. ಸುಳ್ಳು ಬರೆಯುವ ಕೈ ಆ ಪುಸ್ತಕವನ್ನು ಮುಟ್ಟಬಾರದು. ಯಾರೂ ಗೆಲ್ಲದಿದ್ದರೆ ಅದು ಯುವರಾಜನ ಸಮಾಧಿಗೆ ಸೇರುತ್ತದೆ.”

ಯುವರಾಜ ಇಂದುಧರ ಹತ್ತು ವರ್ಷ ಊರೂರು ನಡೆದು, ನಾಡಿಗೊಂದರಂತೆ ಪುಸ್ತಕ ಬರೆದಿದ್ದ. ಯಾವ ಕೆರೆಯನ್ನು ಯಾರು ಕಟ್ಟಿಸಿದರು, ಎಲ್ಲಿ ಯುದ್ಧವಾಯಿತು, ಯಾವ ಊರಿನ ಬದನೆಕಾಯಿ ರುಚಿ, ಎಲ್ಲವೂ ಅವುಗಳಲ್ಲಿತ್ತು. ಅವನ ಕೈಬರಹದ ಆರು ಪುಸ್ತಕಗಳನ್ನು ಯಾರು ಬೇಕಾದರೂ ಓದಲೆಂದು ಅರಮನೆಯ ಹೊರಜಗಲಿಯಲ್ಲಿ ಇಟ್ಟಿದ್ದರು. ಏಳನೆಯದನ್ನು ಬರೆಯುತ್ತಿರುವಾಗ ಮೂಡಲಬಾವಿ ಎಂಬ ಹಳ್ಳಿಯಲ್ಲಿ ಜ್ವರ ಬಂದು ಅವನು ತೀರಿಕೊಂಡ. ಆಮೇಲೆ ಅವನ ತಂಗಿ ನೀಲಾಂಬೆ ನಕ್ಕದ್ದನ್ನು ಯಾರೂ ನೋಡಿರಲಿಲ್ಲ.

ಮೊದಲು ಆಸ್ಥಾನದ ಪಂಡಿತ ಬಂದ. ನೀಲಾಂಬೆ ಮೂರು ಒಗಟುಗಳನ್ನೂ ಒಟ್ಟಿಗೇ ಕೇಳಿದಳು. ಈ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಹುಡುಕಿ ಓದಿದ ಪುಟ ಯಾವುದು? ಪ್ರತಿ ಊರಿನ ಪುಟದಲ್ಲಿಯೂ ಇದ್ದು ಎಲ್ಲಿಯೂ ಹೆಸರಿಲ್ಲದವರು ಯಾರು? ಕೊನೆಯ ಪುಟದಲ್ಲಿ ಅಣ್ಣ ಇಷ್ಟು ಬರೆದಿದ್ದಾನೆ: ‘ಮೂಡಲಬಾವಿಯ ಬಾವಿಗೆ ಹನ್ನೆರಡು ಮೆಟ್ಟಿಲು. ಏಳನೆಯದರ ಮೇಲೆ ಯಾರೂ ಕಾಲಿಡುವುದಿಲ್ಲ, ಏಕೆಂದರೆ’. ಮುಂದೇನು?

ಪಟ್ಟಾಭಿಷೇಕದ ಪುಟ, ದೇವರು, ಋಷಿಯ ಶಾಪ ಎಂದ ಪಂಡಿತ. ದಂಡನಾಯಕನ ಮಗ ಯುದ್ಧದ ಪುಟ, ಅರಸ, ಹೂತಿಟ್ಟ ನಿಧಿ ಎಂದ. ಮೂರನೆಯವನು ಕವಿ. ಏಳನೆಯ ಮೆಟ್ಟಿಲಿನಿಂದ ಬಾವಿಗೆ ಹಾರಿದ ರಾಣಿಯೊಬ್ಬಳ ಕತೆಯನ್ನು ಅವನು ಎಷ್ಟು ಚೆನ್ನಾಗಿ ಕಟ್ಟಿದನೆಂದರೆ ಸಭೆಯೇ ಕಣ್ಣೊರೆಸಿಕೊಂಡಿತು. ನೀಲಾಂಬೆ ಮಾತ್ರ ಒಣಗಿದ ಕಣ್ಣಿನಲ್ಲಿ, ತಪ್ಪು ಎಂದಳು. ಮೂವರೂ ಸೆರೆಮನೆ ಸೇರಿದರು. ಆಮೇಲೆ ಯಾರೂ ಮುಂದೆ ಬರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ, ಏಳನೆಯ ಪುಸ್ತಕದ ಬಿಡಿಹಾಳೆಗಳನ್ನು ಬಟ್ಟೆಯಲ್ಲಿ ಕಟ್ಟಿ ತರಲು ಮಾಚನಿಗೆ ಅಪ್ಪಣೆಯಾಯಿತು. ಮಾಚ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಜಗಲಿಯ ಆ ಆರು ಪುಸ್ತಕಗಳನ್ನೂ ಹೊಲಿದವನು ಅವನೇ, ಹರಿದಾಗ ಅಂಟಿಸಿದವನೂ ಅವನೇ. ಸಭೆಗೆ ಗಂಟು ತಂದವನು ಅದನ್ನು ಕೆಳಗಿಡಲಿಲ್ಲ.

“ಇದನ್ನು ಮಣ್ಣಿಗೆ ಹಾಕಲು ಮನಸ್ಸು ಬರುತ್ತಿಲ್ಲ, ಸ್ವಾಮಿ. ನಾನೂ ಉತ್ತರ ಹೇಳುತ್ತೇನೆ.”

ಮಂತ್ರಿ ನಕ್ಕ. “ಏನಯ್ಯಾ, ಗೋಂದಿನ ಕುಡಿಕೆ ಬಿಟ್ಟು ತಲೆ ಕೊಡಲು ಬಂದೆಯಾ?”

“ಗೋಂದು ಒಣಗುವವರೆಗೆ ಬಿಡುವೇ ಅಲ್ಲವೇ, ಬುದ್ಧಿ?” ಎಂದ ಮಾಚ.

ಹೆಚ್ಚು ಜನ ಹುಡುಕಿ ಓದಿದ ಪುಟ ಅವರವರ ಊರಿನದು ಎಂದ. ಜಗಲಿಗೆ ಬಂದವರು ಪಟ್ಟಾಭಿಷೇಕವನ್ನೂ ನೋಡುವುದಿಲ್ಲ, ಯುದ್ಧವನ್ನೂ ನೋಡುವುದಿಲ್ಲ. ಮೊದಲು ತಮ್ಮ ಊರನ್ನು ಹುಡುಕುತ್ತಾರೆ, ಸಿಕ್ಕಿದ ಹೆಸರಿನ ಮೇಲೆ ಬೆರಳಿಡುತ್ತಾರೆ. ಪ್ರತಿ ಊರಿನ ಹೆಸರೂ ಬೆರಳು ತಾಗಿ ಮಾಸಿದೆ. ರಾಜಧಾನಿಯದೊಂದೇ ಹೊಸದರಂತಿದೆ.

ಅರಸ ಸ್ವಲ್ಪ ಕೆಮ್ಮಿದ.

ಎರಡನೆಯದಕ್ಕೆ ಮಾಚ ಗಂಟು ಬಿಚ್ಚಿ ಒಂದು ಹಾಳೆ ತೋರಿಸಿದ. ಅದರ ಮೂಲೆಯಲ್ಲಿ ಲೋಟದ ಅಡಿಯ ದುಂಡು ಗುರುತಿತ್ತು. “ಒಂದೊಂದು ಊರಿನ ಪುಟದಲ್ಲೂ ಇದಿದೆ, ಅಮ್ಮಣ್ಣಿ. ಯುವರಾಜರಿಗೆ ಯಾರೋ ಮಜ್ಜಿಗೆ ತಂದಿಟ್ಟು, ಪಕ್ಕದಲ್ಲಿ ಕೂತು, ಆ ಊರಿನ ಕತೆ ಹೇಳಿದ್ದಾರೆ. ಅವರ ಹೆಸರು ಎಲ್ಲೂ ಇಲ್ಲ.”

ನೀಲಾಂಬೆ ಆ ಗುರುತನ್ನು ಬಹಳ ಹೊತ್ತು ನೋಡಿದಳು. “ಮೂರನೆಯದು?”

ಮಾಚ ತಲೆ ತಗ್ಗಿಸಿದ. ಬಾಗಿಲಲ್ಲಿದ್ದ ತಳವಾರ ಮುಂದೆ ಬಂದು ಅವನ ಹಿಂದೆ ನಿಂತ.

“ಗೊತ್ತಿಲ್ಲ. ಮೂಡಲಬಾವಿಗೆ ಹೋಗಿ ಕೇಳಬೇಕು.”

ನೀಲಾಂಬೆ ಎದ್ದು ಬಂದು ಅಣ್ಣನ ಲೇಖನಿಯನ್ನು ಅವನ ಕೈಗಿಟ್ಟಳು. “ಅದೇ ಉತ್ತರ. ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ನನ್ನ ಅಣ್ಣ ಒಂದು ಸಾಲೂ ಬರೆದವನಲ್ಲ. ಕೇಳಲು ಹೋಗುತ್ತಿದ್ದ.”

ಇನ್ನೇನು ಬೇಕೆಂದು ಅರಸ ಕೇಳಿದಾಗ ಮಾಚ ಸೆರೆಯಲ್ಲಿದ್ದ ಮೂವರ ಪ್ರಾಣ ಕೇಳಿದ. ಅವರು ಅಂದೇ ಬಿಡುಗಡೆಯಾದರು. ಮದುವೆಯ ಮಾತು ಪುಸ್ತಕ ಮುಗಿದ ಮೇಲೆ ಎಂದಳು ನೀಲಾಂಬೆ. ಮಾಚನೂ ಹಾಗೇ ಆಗಲಿ ಎಂದ.

ನಾಲ್ಕನೆಯ ದಿನ ಇಬ್ಬರೂ ಮೂಡಲಬಾವಿಯಲ್ಲಿದ್ದರು. ಬಾವಿಯ ಕಟ್ಟೆಯ ಮೇಲೆ ಕೂತಿದ್ದ ಗಂಗಜ್ಜಿ ಎಂಬ ಮುದುಕಿ ಅವರು ಯಾರೆಂದು ತಿಳಿದು, ಅವರ ಪ್ರಶ್ನೆಯನ್ನು ಕೇಳಿ ಕೆಳಗೆ ಕೈ ತೋರಿಸಿದಳು. ಏಳನೆಯ ಮೆಟ್ಟಿಲಿನ ಮೇಲೆ ಒಂದು ಮುದಿ ಆಮೆ ಬಿಸಿಲು ಕಾಯುತ್ತ ಮಲಗಿತ್ತು.

“ಅದು ಅದರ ಜಾಗ ಕಣವ್ವಾ. ನಮ್ಮಜ್ಜಿ ಕಾಲದಿಂದ ಬಿಟ್ಟುಕೊಟ್ಟಿದೀವಿ. ನಿಮ್ಮಣ್ಣಯ್ಯನಿಗೂ ಹೇಳಿದ್ದೆ. ‘ನಾನೇ ಒಂದು ಸಲ ನೋಡಿ ಬಂದು ಬರೀತೀನಿ ಅಜ್ಜಿ’ ಅಂತ ಲೇಖನಿ ಇಟ್ಟು ಎದ್ದ. ಅಷ್ಟರಲ್ಲಿ ಜ್ವರ ಏರಿತು.”

ನೀಲಾಂಬೆ ಆಮೆಯನ್ನು ನೋಡಿದಳು. ರಾಣಿ, ನಿಧಿ, ಶಾಪ ಎಲ್ಲವೂ ನೆನಪಾದವು. ಅವಳಿಗೆ ನಗು ಬಂತು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದ ಮೇಲೆಯೂ ನಗುತ್ತಿದ್ದಳು. ಮಾಚ ‘ಏಕೆಂದರೆ’ ಎಂಬಲ್ಲಿಂದ ಮುಂದಕ್ಕೆ ಬರೆದ. ಕೊನೆಯಲ್ಲಿ, ಹೇಳಿದವರು ಗಂಗಜ್ಜಿ ಎಂದೂ ಸೇರಿಸಿದ.

ಅಜ್ಜಿ ಒಳಗೆ ಹೋಗಿ ಮಜ್ಜಿಗೆ ತಂದಳು. ನೀಲಾಂಬೆ ಒಂದು ಗುಟುಕು ಕುಡಿದು, ಲೋಟವನ್ನು ಪುಟದ ಮೂಲೆಯ ಮೇಲೆ ಇಟ್ಟಳು.