ಬೂದಿಬೆಕ್ಕಿನ ಮರಿ ಮತ್ತು ಭಾರದ ವ್ಯಾನು

ಬನ್ನಿ, ಕಾಲು ಮಡಚಿ ಕೂತ್ಕೊಳ್ಳಿ. ಹುಣಸೆಕಟ್ಟೆ ರಸ್ತೇಲಿ ನಡೆದದ್ದನ್ನ ಹೇಳ್ತೀನಿ.

ಒಂದು ಬೆಕ್ಕಿತ್ತು. ಬೂದಿ ಬಣ್ಣದ ಬೆಕ್ಕು. ಅದಕ್ಕೆ ಮೂರು ಮರಿ ಹುಟ್ಟಿದ್ದವು. ಒಂದೇ ಉಳಿದಿತ್ತು.

ರಸ್ತೆಯ ಅಡಿಯಲ್ಲಿ ಒಂದು ಸಿಮೆಂಟು ಕೊಳವೆ ಇತ್ತು. ಕಾಲುವೆ ನೀರು ರಸ್ತೆ ದಾಟೋ ಕೊಳವೆ. ಅದರ ಒಂದು ಬಾಯಿಗೆ ಕಬ್ಬಿಣದ ಕಂಬಿ. ಇನ್ನೊಂದು ಬಾಯಿ ತೆರೆದಿತ್ತು. ನೀರಿಲ್ಲದ ದಿನ ಅದರೊಳಗೆ ತಂಪು. ಬೆಕ್ಕು ಮರಿಯನ್ನ ಅಲ್ಲಿ ಮಲಗಿಸಿತು. ಇಲಿ ಹಿಡಿಯೋಕೆ ಹೊಲಕ್ಕೆ ಹೋಯ್ತು.

ಅಷ್ಟರಲ್ಲಿ ವ್ಯಾನು ಬಂತು. ದೊಡ್ಡ ವ್ಯಾನು. ಸಾಮಾನು ಹೊರೋ ವ್ಯಾನು. ಓಡಿಸೋನು ಖಲೀಲಣ್ಣ. ವ್ಯಾನಿನ ಬಾಗಿಲ ಮೇಲೆ ಬರೆದಿತ್ತು, ಹತ್ತು ಕ್ವಿಂಟಲ್ ಅಂತ. ಒಂದು ಕ್ವಿಂಟಲ್ ಅಂದ್ರೆ ಇಬ್ಬರು ದೊಡ್ಡವರು ತೂಗುವಷ್ಟು. ಅಂಥ ಹತ್ತು. ಅಷ್ಟೇ ಅದು ಹೊರೋದು.

ಬೆಳಗ್ಗೆ ಪೀರಣ್ಣ ಕಲ್ಲು ಚಪ್ಪಡಿ ತಂದಿದ್ದ. "ಬರೀ ನಾಲ್ಕು ಕ್ವಿಂಟಲ್, ಖಲೀಲಣ್ಣ" ಅಂದಿದ್ದ.

ದ್ಯಾವಣ್ಣ ರಾಗಿ ತಂದಿದ್ದ. "ಬರೀ ನಾಲ್ಕು, ಖಲೀಲಣ್ಣ" ಅಂದಿದ್ದ.

ಓಬಣ್ಣ ಬೆಲ್ಲ ತಂದಿದ್ದ. "ಬರೀ ಮೂರು, ಖಲೀಲಣ್ಣ" ಅಂದಿದ್ದ.

ಬೋರಕ್ಕ ಈರುಳ್ಳಿ ತಂದಿದ್ದಳು. "ಬರೀ ಮೂರು, ಖಲೀಲಣ್ಣ" ಅಂದಿದ್ದಳು.

ಮುನಿಯಜ್ಜಿ ಒಂದು ಬುಟ್ಟಿ ಸೊಪ್ಪು ತಂದಿದ್ದಳು. ಅವಳು ಏನೂ ಅಂದಿರಲಿಲ್ಲ. ಎಲ್ಲದರ ಮೇಲೆ ಹತ್ತಿ ಕೂತಿದ್ದಳು.

ಕಲ್ಲಿನ ಮೇಲೆ ರಾಗಿ. ರಾಗಿಯ ಮೇಲೆ ಬೆಲ್ಲ. ಬೆಲ್ಲದ ಮೇಲೆ ಈರುಳ್ಳಿ. ಈರುಳ್ಳಿಯ ಮೇಲೆ ಅಜ್ಜಿ. ಸಾಮಾನೇ ಹದಿನಾಲ್ಕು ಕ್ವಿಂಟಲ್. ಜನರೂ ಭಾರವೇ. ಆರು ಜನ ಅಂದ್ರೆ ಇನ್ನೂ ಮೂರು. ಹತ್ತು ಹೊರೋ ವ್ಯಾನಿಗೆ ಹದಿನೇಳು.

ಖಲೀಲಣ್ಣ "ಬೇಡ, ಬೇಡ" ಅಂದಿದ್ದ. ಯಾರೂ ಕೇಳಲಿಲ್ಲ. ಅವನೂ ಗಟ್ಟಿಯಾಗಿ ಹೇಳಲಿಲ್ಲ.

ಕೊಳವೆಯ ಹತ್ತಿರ ರಸ್ತೆ ಅಂಚು ಕುಸೀತು. ಹಿಂದಿನ ಚಕ್ರ ಜಾರಿತು. ಕೆಸರಲ್ಲಿ ಹೂತುಹೋಯ್ತು. ಸರಿಯಾಗಿ ಕೊಳವೆಯ ಬಾಯಿಗೆ. ಬಾಯಿ ಮುಚ್ಚಿಹೋಯ್ತು.

ಖಲೀಲಣ್ಣ ಟ್ರ್ಯಾಕ್ಟರಿನವರಿಗೆ ಫೋನ್ ಮಾಡಿದ. "ನಾಳೆ ಬರ್ತೀವಿ" ಅಂದ್ರು. ವ್ಯಾನಿನಿಂದ ಯಾರೂ ಇಳಿಯಲಿಲ್ಲ. ಇಳಿದ್ರೆ ಕೂತ ಜಾಗ ಹೋಗುತ್ತೆ ಅಂತ ಎಲ್ಲರಿಗೂ ಭಯ.

ಬೆಕ್ಕು ವಾಪಸ್ಸು ಬಂತು. ನೋಡ್ತು. ಕೊಳವೆಗೆ ಬಾಯಿಲ್ಲ. ಬಾಯಿದ್ದ ಕಡೆ ಚಕ್ರ ಇದೆ. ಕಂಬಿಯ ಕಡೆ ಓಡಿತು. ಕಂಬಿ ಸಂದೀಲಿ ಪಂಜ ಹೋಯ್ತು. ಮೈ ಹೋಗಲಿಲ್ಲ. ಮರಿಯ ಮೈ ಆಚೆ ಬರೋಕೂ ಆ ಸಂದಿ ಸಾಲದು.

ಆ ದಿನ ಕೆರೆಯ ತೂಬು ತೆಗೆದಿದ್ರು. ಕಾಲುವೇಲಿ ನೀರು ಸಣ್ಣಗೆ ಬರ್ತಾ ಇತ್ತು. ಕಂಬಿ ದಾಟಿ ಕೊಳವೆಯೊಳಗೆ ಹೋಗ್ತಾ ಇತ್ತು. ಆಚೆ ಹೋಗೋಕೆ ದಾರಿ ಇರಲಿಲ್ಲ.

ಬೆಕ್ಕು ಖಲೀಲಣ್ಣನ ಹತ್ತಿರ ಓಡಿತು.

"ಖಲೀಲಣ್ಣ, ಖಲೀಲಣ್ಣ, ವ್ಯಾನು ತೆಗಿ. ನೀನು ವ್ಯಾನು ತೆಗೆದ್ರೆ ನನ್ನ ಮರಿ ಹೊರಗೆ ಬರುತ್ತೆ."

ಖಲೀಲಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದ. "ಹೇಗೆ ತೆಗೀಲಿ? ಹತ್ತು ಹೊರೋ ಗಾಡಿ, ಹದಿನೇಳು ಹೇರಿದ್ದಾರೆ. ಚಕ್ರ ಬೇರೆ ಹೂತಿದೆ. ಪೂರ್ತಿ ಖಾಲಿ ಆದ್ರೆ ಮಾತ್ರ ಏಳೋದು. ನನ್ನ ಮಾತು ಇವರು ಕೇಳಲ್ಲ. ಎಲ್ಲದರ ಅಡೀಲಿರೋ ಕಲ್ಲನ್ನ ಪೀರಣ್ಣ ಇಳಿಸಿದ್ರೆ ನಾನು ಗಾಡಿ ತೆಗೀತೀನಿ. ಅವನನ್ನ ಕೇಳು."

ಬೆಕ್ಕು ಕಂಬಿಗೆ ಓಡಿತು. "ಮರೀ, ಇದ್ದೀಯಾ?"

"ಇದ್ದೀನಮ್ಮ. ಕತ್ತಲೆ."

ಬೆಕ್ಕು ಪೀರಣ್ಣನ ಹತ್ತಿರ ಓಡಿತು.

"ಪೀರಣ್ಣ, ಪೀರಣ್ಣ, ಕಲ್ಲು ಇಳಿಸು. ನೀನು ಕಲ್ಲು ಇಳಿಸಿದ್ರೆ ಖಲೀಲಣ್ಣ ವ್ಯಾನು ತೆಗೀತಾನೆ. ಖಲೀಲಣ್ಣ ವ್ಯಾನು ತೆಗೆದ್ರೆ ನನ್ನ ಮರಿ ಹೊರಗೆ ಬರುತ್ತೆ."

ಪೀರಣ್ಣ ಬೀಡಿ ಸೇದ್ತಾ ಇದ್ದ. "ನನ್ನ ಕಲ್ಲು ಬರೀ ನಾಲ್ಕು. ವ್ಯಾನು ಹತ್ತು ಹೊರುತ್ತೆ. ನನ್ನಿಂದ ಭಾರ ಆಯ್ತಾ? ಅಲ್ಲದೆ ಕಲ್ಲಿನ ಮೇಲೆ ರಾಗಿ ಇದೆ. ದ್ಯಾವಣ್ಣ ರಾಗಿ ಇಳಿಸಲಿ. ಆಮೇಲೆ ನಾನು ಇಳಿಸ್ತೀನಿ."

ಬೆಕ್ಕು ಕಂಬಿಗೆ ಓಡಿತು. "ಮರೀ, ಇದ್ದೀಯಾ?"

"ಇದ್ದೀನಮ್ಮ. ಪಾದ ಒದ್ದೆ."

ಬೆಕ್ಕು ದ್ಯಾವಣ್ಣನ ಹತ್ತಿರ ಓಡಿತು.

"ದ್ಯಾವಣ್ಣ, ದ್ಯಾವಣ್ಣ, ರಾಗಿ ಇಳಿಸು. ನೀನು ರಾಗಿ ಇಳಿಸಿದ್ರೆ ಪೀರಣ್ಣ ಕಲ್ಲು ಇಳಿಸ್ತಾನೆ. ಪೀರಣ್ಣ ಕಲ್ಲು ಇಳಿಸಿದ್ರೆ ಖಲೀಲಣ್ಣ ವ್ಯಾನು ತೆಗೀತಾನೆ. ಖಲೀಲಣ್ಣ ವ್ಯಾನು ತೆಗೆದ್ರೆ ನನ್ನ ಮರಿ ಹೊರಗೆ ಬರುತ್ತೆ."

ದ್ಯಾವಣ್ಣ ಸೊಂಟ ಹಿಡ್ಕೊಂಡ. "ನನ್ನ ರಾಗಿ ಬರೀ ನಾಲ್ಕು. ವ್ಯಾನು ಹತ್ತು ಹೊರುತ್ತೆ. ನನ್ನಿಂದ ಭಾರ ಆಯ್ತಾ? ಬೆಳಗ್ಗೆ ಹೇರಿದ್ದಕ್ಕೇ ಸೊಂಟ ಬಿದ್ದುಹೋಗಿದೆ. ರಾಗಿ ಮೇಲೆ ಬೆಲ್ಲ ಇದೆ. ಓಬಣ್ಣ ಬೆಲ್ಲ ಇಳಿಸಲಿ. ಆಮೇಲೆ ನಾನು ಇಳಿಸ್ತೀನಿ."

ಬೆಕ್ಕು ಕಂಬಿಗೆ ಓಡಿತು. "ಮರೀ, ಇದ್ದೀಯಾ?"

"ಇದ್ದೀನಮ್ಮ. ಹೊಟ್ಟೆ ಒದ್ದೆ."

ಬೆಕ್ಕು ಓಬಣ್ಣನ ಹತ್ತಿರ ಓಡಿತು.

"ಓಬಣ್ಣ, ಓಬಣ್ಣ, ಬೆಲ್ಲ ಇಳಿಸು. ನೀನು ಬೆಲ್ಲ ಇಳಿಸಿದ್ರೆ ದ್ಯಾವಣ್ಣ ರಾಗಿ ಇಳಿಸ್ತಾನೆ. ದ್ಯಾವಣ್ಣ ರಾಗಿ ಇಳಿಸಿದ್ರೆ ಪೀರಣ್ಣ ಕಲ್ಲು ಇಳಿಸ್ತಾನೆ. ಪೀರಣ್ಣ ಕಲ್ಲು ಇಳಿಸಿದ್ರೆ ಖಲೀಲಣ್ಣ ವ್ಯಾನು ತೆಗೀತಾನೆ. ಖಲೀಲಣ್ಣ ವ್ಯಾನು ತೆಗೆದ್ರೆ ನನ್ನ ಮರಿ ಹೊರಗೆ ಬರುತ್ತೆ."

ಓಬಣ್ಣ ನೆಲ ನೋಡಿದ. ನೆಲದ ತುಂಬ ಕೆಸರು. ಕೆಸರಿಲ್ಲದ ಕಡೆ ಇರುವೆ. "ನನ್ನ ಬೆಲ್ಲ ಬರೀ ಮೂರು. ವ್ಯಾನು ಹತ್ತು ಹೊರುತ್ತೆ. ನನ್ನಿಂದ ಭಾರ ಆಯ್ತಾ? ಇಲ್ಲಿಳಿಸಿದ್ರೆ ಬೆಲ್ಲ ನೀರಾಗುತ್ತೆ. ಬೆಲ್ಲದ ಮೇಲೆ ಈರುಳ್ಳಿ ಇದೆ. ಬೋರಕ್ಕ ಈರುಳ್ಳಿ ಇಳಿಸಲಿ. ಆಮೇಲೆ ನಾನು ಇಳಿಸ್ತೀನಿ."

ಬೆಕ್ಕು ಕಂಬಿಗೆ ಓಡಿತು. "ಮರೀ, ಇದ್ದೀಯಾ?"

"ಇದ್ದೀನಿ."

ಅಮ್ಮ ಅನ್ನಲಿಲ್ಲ. ಅಷ್ಟು ಹೇಳೋಕೂ ಅದಕ್ಕೆ ಆಗಲಿಲ್ಲ.

ಬೆಕ್ಕು ಬೋರಕ್ಕನ ಹತ್ತಿರ ಓಡಿತು. ಓಡೋವಾಗ ಎರಡು ಸಲ ಎಡವಿತು.

"ಬೋರಕ್ಕ, ಬೋರಕ್ಕ, ಈರುಳ್ಳಿ ಇಳಿಸು. ನೀನು ಈರುಳ್ಳಿ ಇಳಿಸಿದ್ರೆ ಓಬಣ್ಣ ಬೆಲ್ಲ ಇಳಿಸ್ತಾನೆ. ಓಬಣ್ಣ ಬೆಲ್ಲ ಇಳಿಸಿದ್ರೆ ದ್ಯಾವಣ್ಣ ರಾಗಿ ಇಳಿಸ್ತಾನೆ. ದ್ಯಾವಣ್ಣ ರಾಗಿ ಇಳಿಸಿದ್ರೆ ಪೀರಣ್ಣ ಕಲ್ಲು ಇಳಿಸ್ತಾನೆ. ಪೀರಣ್ಣ ಕಲ್ಲು ಇಳಿಸಿದ್ರೆ ಖಲೀಲಣ್ಣ ವ್ಯಾನು ತೆಗೀತಾನೆ. ಖಲೀಲಣ್ಣ ವ್ಯಾನು ತೆಗೆದ್ರೆ ನನ್ನ ಮರಿ ಹೊರಗೆ ಬರುತ್ತೆ."

ಬೋರಕ್ಕ ಬೆಕ್ಕಿನ ಮುಖ ನೋಡಲಿಲ್ಲ. ಸೆರಗಿನ ತುದಿ ನೋಡ್ತಾ ಹೇಳಿದಳು. "ನನ್ನ ಈರುಳ್ಳಿ ಬರೀ ಮೂರು. ವ್ಯಾನು ಹತ್ತು ಹೊರುತ್ತೆ. ನನ್ನಿಂದ ಭಾರ ಆಯ್ತಾ? ಈರುಳ್ಳಿ ಮೇಲೆ ಅಜ್ಜಿ ಕೂತಿದ್ದಾಳೆ. ಅಷ್ಟು ವಯಸ್ಸಾದವಳನ್ನ ನಾನು ಏಳಿಸಲ್ಲ. ಅಜ್ಜಿ ತಾನಾಗಿ ಇಳಿದ್ರೆ ಇಳಿಸ್ತೀನಿ."

ಬೆಕ್ಕು ಕಂಬಿಗೆ ಓಡಿತು. "ಮರೀ, ಇದ್ದೀಯಾ?"

ನೀರಿನ ಸದ್ದು ಬಂತು.

"ಮರೀ, ಇದ್ದೀಯಾ?"

ನೀರಿನ ಸದ್ದೇ ಬಂತು.

ಬೆಕ್ಕು ಕಂಬಿ ಸಂದೀಲಿ ಪಂಜ ತೂರಿಸಿತು. ಆ ಕಡೆ ಆಡಿಸಿತು. ಈ ಕಡೆ ಆಡಿಸಿತು. ಪಂಜಕ್ಕೆ ನೀರು ಸಿಕ್ಕಿತು. ಮರಿ ಸಿಗಲಿಲ್ಲ.

ಅದು ಸ್ವಲ್ಪ ಹೊತ್ತು ಅಲ್ಲೇ ಕೂತ್ಕೊಳ್ತು. ಆಮೇಲೆ ಎದ್ದಿತು. ಈ ಸಲ ಓಡಲಿಲ್ಲ. ನಡೀತು.

ಮುನಿಯಜ್ಜಿ ಎತ್ತರದಲ್ಲಿ ಕೂತಿದ್ದಳು. ಬೆಕ್ಕು ತಲೆ ಎತ್ತಿತು. ದನಿ ಒಡೆದುಹೋಗಿತ್ತು. ಆದ್ರೂ ಹೇಳ್ತು.

"ಅಜ್ಜಿ, ಅಜ್ಜಿ, ಇಳಿ. ನೀನು ಇಳಿದ್ರೆ ಬೋರಕ್ಕ ಈರುಳ್ಳಿ ಇಳಿಸ್ತಾಳೆ. ಬೋರಕ್ಕ ಈರುಳ್ಳಿ ಇಳಿಸಿದ್ರೆ ಓಬಣ್ಣ ಬೆಲ್ಲ ಇಳಿಸ್ತಾನೆ. ಓಬಣ್ಣ ಬೆಲ್ಲ ಇಳಿಸಿದ್ರೆ ದ್ಯಾವಣ್ಣ ರಾಗಿ ಇಳಿಸ್ತಾನೆ. ದ್ಯಾವಣ್ಣ ರಾಗಿ ಇಳಿಸಿದ್ರೆ ಪೀರಣ್ಣ ಕಲ್ಲು ಇಳಿಸ್ತಾನೆ. ಪೀರಣ್ಣ ಕಲ್ಲು ಇಳಿಸಿದ್ರೆ ಖಲೀಲಣ್ಣ ವ್ಯಾನು ತೆಗೀತಾನೆ. ಖಲೀಲಣ್ಣ ವ್ಯಾನು ತೆಗೆದ್ರೆ..."

ಮುಂದಿನದು ಹೇಳೋಕೆ ಆಗಲಿಲ್ಲ.

ಅಜ್ಜಿ ಬಗ್ಗಿ ನೋಡಿದಳು. "ಮಗಾ, ನಾನೂ ನನ್ನ ಬುಟ್ಟೀನೂ ಸೇರಿದ್ರೆ ಅರ್ಧ ಕ್ವಿಂಟಲ್ಲು. ನಾನೊಬ್ಬಳು ಇಳಿದ್ರೆ ಈ ವ್ಯಾನು ಏಳುತ್ತಾ?"

"ಏಳಲ್ಲ, ಅಜ್ಜಿ."

"ಮತ್ತೆ ನನ್ನ ಯಾಕೆ ಕೇಳ್ತೀಯ?"

"ಕೇಳೋಕೆ ಇನ್ಯಾರೂ ಉಳಿದಿಲ್ಲ, ಅಜ್ಜಿ."

ಅಜ್ಜಿ ಕೊಳವೆಯ ಕಡೆ ನೋಡಿದಳು.

ಅಜ್ಜಿ ಬುಟ್ಟಿಯನ್ನ ಕೆಳಕ್ಕೆ ಬಿಟ್ಟಳು. ಸೊಪ್ಪು ಕೆಸರಲ್ಲಿ ಚೆಲ್ಲಿತು. ಆಮೇಲೆ ಹಗ್ಗ ಹಿಡಿದಳು. ಚೀಲದ ಮೇಲೆ ಕಾಲಿಟ್ಟಳು. ಹಲಗೆ ಮೇಲೆ ಕಾಲಿಟ್ಟಳು. ಚಕ್ರದ ಮೇಲೆ ಕಾಲಿಟ್ಟಳು. ಮಣ್ಣಿಗಿಳಿದಳು.

ವ್ಯಾನು ಏಳಲಿಲ್ಲ. ಕೂದಲೆಳೆಯಷ್ಟೂ ಏಳಲಿಲ್ಲ.

ಬೋರಕ್ಕ ಕೆಸರಲ್ಲಿ ಬಿದ್ದ ಸೊಪ್ಪು ನೋಡಿದಳು. ಅವಳಿಗೆ ಕೂತಿರೋಕೆ ಆಗಲಿಲ್ಲ. ಅಜ್ಜಿ ಇಳಿದಳು, ಬೋರಕ್ಕ ಈರುಳ್ಳಿ ಇಳಿಸಿದಳು. ತಾನೂ ಇಳಿದಳು. ಹದಿನೇಳರಲ್ಲಿ ಹದಿಮೂರು ಉಳೀತು. ವ್ಯಾನು ಏಳಲಿಲ್ಲ.

"ಓಬಣ್ಣ, ಮಾತು ಕೊಟ್ಟಿದ್ದೆ ನೀನು" ಅಂದಳು ಬೋರಕ್ಕ.

ಓಬಣ್ಣ ತನ್ನ ಕಂಬಳಿ ಹಾಸಿದ. ಬೋರಕ್ಕ ಈರುಳ್ಳಿ ಇಳಿಸಿದಳು, ಓಬಣ್ಣ ಬೆಲ್ಲ ಇಳಿಸಿದ. ತಾನೂ ಇಳಿದ. ಒಂಬತ್ತೂವರೆ ಉಳೀತು. ಹತ್ತಕ್ಕಿಂತ ಕಡಿಮೆಯೇ. ಬೆಳಗ್ಗೆ ಇಷ್ಟೇ ಹೇರಿದ್ದಿದ್ರೆ ಚಕ್ರ ಹೂತುಹೋಗ್ತಾನೇ ಇರಲಿಲ್ಲ. ಈಗ ಹೂತಾಗಿತ್ತು. ವ್ಯಾನು ಏಳಲಿಲ್ಲ.

ದ್ಯಾವಣ್ಣ ಸೊಂಟಕ್ಕೆ ಟವಲು ಬಿಗಿದ. ಓಬಣ್ಣ ಬೆಲ್ಲ ಇಳಿಸಿದ, ದ್ಯಾವಣ್ಣ ರಾಗಿ ಇಳಿಸಿದ. ತಾನೂ ಇಳಿದ. ಐದು ಉಳೀತು. ವ್ಯಾನಿನ ಅಡಿಯ ಭಾರ ಹೊರೋ ಕಬ್ಬಿಣದ ಪಟ್ಟಿ ಕಿರ್ ಅಂತು. ಚಕ್ರ ಮಾತ್ರ ಅಲ್ಲೇ ಇತ್ತು.

ಪೀರಣ್ಣ ಬೀಡಿ ಎಸೆದ. ಒಬ್ಬನಿಂದ ಆಗೋ ಕಲ್ಲಲ್ಲ. ದ್ಯಾವಣ್ಣ ಒಂದು ಕೈ ಕೊಟ್ಟ. ಓಬಣ್ಣ ಒಂದು ಕೈ ಕೊಟ್ಟ. ಬೋರಕ್ಕ ಸೆರಗು ಸಿಕ್ಕಿಸಿ ಎರಡು ಕೈ ಕೊಟ್ಟಳು. ದ್ಯಾವಣ್ಣ ರಾಗಿ ಇಳಿಸಿದ, ಪೀರಣ್ಣ ಕಲ್ಲು ಇಳಿಸಿದ. ತಾನೂ ಇಳಿದ. ಅರ್ಧ ಉಳೀತು. ಆ ಅರ್ಧ ಖಲೀಲಣ್ಣ.

ಎಲ್ಲರೂ ಹಿಂದಿನಿಂದ ತಳ್ಳಿದ್ರು. ಅಜ್ಜಿಯೂ ತಳ್ಳಿದಳು. ಪೀರಣ್ಣ ಕಲ್ಲು ಇಳಿಸಿದ, ಖಲೀಲಣ್ಣ ವ್ಯಾನು ತೆಗೆದ.

ಖಲೀಲಣ್ಣ ವ್ಯಾನು ತೆಗೆದ, ಕೊಳವೆಯ ಬಾಯಿ ತೆರೀತು. ಒಳಗಿದ್ದ ನೀರೆಲ್ಲ ಒಂದೇ ಸಲ ಹೊರಗೆ ಬಂತು. ನೀರಿನ ಜೊತೆ ಮರಿ ಬಂತು.

ಮರಿ ಕೆಸರಿನ ಉಂಡೆ ಹಾಗಿತ್ತು. ಅಲ್ಲಾಡಲಿಲ್ಲ.

ಬೆಕ್ಕು ಮರಿಯ ಬೆನ್ನು ನೆಕ್ಕಿತು. ಮರಿ ಅಲ್ಲಾಡಲಿಲ್ಲ. ಹೊಟ್ಟೆ ನೆಕ್ಕಿತು. ಮರಿ ಅಲ್ಲಾಡಲಿಲ್ಲ. ಪೀರಣ್ಣ ಆ ಕಡೆ ಮುಖ ಮಾಡಿದ. ಬೋರಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಬೆಕ್ಕು ನಿಲ್ಲಿಸಲಿಲ್ಲ. ಮೂತಿ ನೆಕ್ಕಿತು. ಮೂತಿ ನೆಕ್ಕಿತು. ಮೂತಿ ನೆಕ್ಕಿತು.

ಮರಿ ಸೀನಿತು. ಮೂಗಿಂದ ನೀರು ಬಂತು. ಬಾಯಿಂದ ನೀರು ಬಂತು.

"ಅಮ್ಮ" ಅಂತು.

ಬೋರಕ್ಕ ಸೊಪ್ಪು ಆರಿಸಿ ಕಾಲುವೆ ನೀರಲ್ಲಿ ತೊಳೆದಳು. ಬುಟ್ಟಿಗೆ ತುಂಬಿ ಅಜ್ಜಿ ಕೈಗೆ ಕೊಟ್ಟಳು.

ಖಲೀಲಣ್ಣ ಬಾಗಿಲ ಹತ್ತಿರ ನಿಂತ. ಈ ಸಲ ಗಟ್ಟಿಯಾಗಿ ಹೇಳಿದ. "ಒಂದು ಸಲಕ್ಕೆ ಹತ್ತು. ಅದಕ್ಕಿಂತ ಒಂದು ಚೀಲವೂ ಹೆಚ್ಚಿಲ್ಲ. ಎರಡು ಸಲ ಹೋಗಿಬರ್ತೀನಿ."

"ನನ್ನ ಕಲ್ಲು ಎರಡನೇ ಸಲಕ್ಕೆ" ಅಂದ ಪೀರಣ್ಣ.

"ಬೆಲ್ಲವೂ ಇರಲಿ" ಅಂದ ಓಬಣ್ಣ.

ರಾಗಿ ನಾಲ್ಕು. ಈರುಳ್ಳಿ ಮೂರು. ಅಜ್ಜಿ, ಬೋರಕ್ಕ, ದ್ಯಾವಣ್ಣ, ಖಲೀಲಣ್ಣ, ಎಲ್ಲ ಸೇರಿ ಎರಡು. ಒಟ್ಟು ಒಂಬತ್ತು. ಅಜ್ಜಿಯನ್ನ ಮುಂದಿನ ಸೀಟಲ್ಲಿ ಕೂರಿಸಿದ್ರು.

ಬೆಕ್ಕು ಮರಿಯ ಕತ್ತು ಕಚ್ಚಿ ಎತ್ತಿಕೊಳ್ತು. ಎಲ್ಲರನ್ನೂ ಒಂದು ಸಲ ನೋಡ್ತು. ಅಜ್ಜಿಯನ್ನ ನೋಡ್ತು, ಬೋರಕ್ಕನನ್ನ ನೋಡ್ತು, ಓಬಣ್ಣನನ್ನ ನೋಡ್ತು, ದ್ಯಾವಣ್ಣನನ್ನ ನೋಡ್ತು, ಪೀರಣ್ಣನನ್ನ ನೋಡ್ತು, ಖಲೀಲಣ್ಣನನ್ನ ನೋಡ್ತು. ಏನೂ ಹೇಳಲಿಲ್ಲ. ಹೊಲದ ಬದುವಿನ ಮೇಲೆ ಹೊರಟುಹೋಯ್ತು.

ಬಾಯಲ್ಲಿ ಮರಿ ಇತ್ತಲ್ಲ. ಹೇಗೆ ಮಾತಾಡುತ್ತೆ?